ಕಾರಿನ ಎಸಿ ಗಾಳಿ ಬರುತ್ತಿಲ್ಲ ಅಂತ ಗ್ಯಾಸ್ ಹಾಕಿಸಲು ಹೋಗಬೇಡಿ, ನಾನು ಹೋಗಿ ಮೋಸ ಹೋದೆ

ಬರೆಯೋಕೆ ನಾಚಿಕೆ ಆಗುತ್ತದೆ. ಇಪ್ಪತ್ತು ವರ್ಷದಿಂದ ಕಾರು ಓಡಿಸುತ್ತಿರುವವನು ನಾನು. ಆದರೂ ಬರೆಯುತ್ತೇನೆ, ಇನ್ನೊಬ್ಬರ ದುಡ್ಡಾದರೂ ಉಳಿಯಲಿ.

ನನ್ನದು ಎಲೆಕ್ಟ್ರಿಕ್ ಕಾರು, ಅಂದರೆ ಇವಿ, ಮೂರನೇ ವರ್ಷ. ಯಾವ ಕಂಪನಿ ಅಂತ ಹೇಳುವುದಿಲ್ಲ, ಇದರಲ್ಲಿ ತಪ್ಪು ಕಾರಿನದಲ್ಲ. ಮೇ ತಿಂಗಳಲ್ಲಿ ಎಸಿ ಗಾಳಿ ಕಮ್ಮಿಯಾಯಿತು. ಫ್ಯಾನ್ ನಾಲ್ಕಕ್ಕೆ ಇಟ್ಟರೆ ಬುರ್ ಅಂತ ಸದ್ದು ಮಾತ್ರ ಜೋರು, ಗಾಳಿ ಯಾರೋ ಬಾಯಲ್ಲಿ ಊದಿದ ಹಾಗೆ. ಹಿಂದಿನ ಸೀಟಿನಲ್ಲಿ ಅತ್ತೆಯವರು ಚನ್ನಪಟ್ಟಣದವರೆಗೂ ಸೆರಗಲ್ಲಿ ಗಾಳಿ ಹಾಕಿಕೊಂಡೇ ಬಂದರು. "ಬರೋ ಸ್ವಲ್ಪ ಗಾಳಿ ತಣ್ಣಗೇ ಇದೆಯಲ್ಲಾ" ಅಂದಳು ಹೆಂಡತಿ. ಆ ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಕಂಪನಿ ಸರ್ವೀಸ್ ಸೆಂಟರ್‌ನಲ್ಲಿ ಎರಡು ವಾರ ಕಾಯಬೇಕು ಅಂದರು. ಜೂನ್ ಮೊದಲ ಶನಿವಾರ ನಮ್ಮ ಏರಿಯಾದ ಒಂದು ಕಾರ್ ಎಸಿ ಅಂಗಡಿಗೆ ಹೋದೆ. ಹೊರಗೆ ದೊಡ್ಡ ಬೋರ್ಡು, "ಇವಿ ಸ್ಪೆಷಲಿಸ್ಟ್" ಅಂತ. ಅಲ್ಲಿದ್ದವನು ಕಾರಿನೊಳಗೆ ಕೈ ಕೂಡ ಹಾಕಲಿಲ್ಲ. ಬಾನೆಟ್ ಎತ್ತಿ ನೋಡಿ, "ಗ್ಯಾಸ್ ಖಾಲಿ ಸರ್" ಅಂದ. ಮೂರೇ ವರ್ಷಕ್ಕಾ ಅಂದೆ. "ಇವಿಯಲ್ಲಿ ಜಾಸ್ತಿ ಕುಡಿಯುತ್ತೆ ಸರ್." ಗ್ಯಾಸ್ ಅಂದರೆ ಪೆಟ್ರೋಲಾ ಕುಡಿಯೋಕೆ? ಅದು ಗಾಳಿಯನ್ನು ತಂಪು ಮಾಡಲು ಪೈಪಿನೊಳಗೇ ಸುತ್ತುವಂಥದ್ದು. ಎಲ್ಲೋ ಸೋರಿದರೆ ಮಾತ್ರ ಕಮ್ಮಿಯಾಗುವುದು. ಇದು ನನಗೆ ಗೊತ್ತಿತ್ತು, ಗೊತ್ತಿದ್ದೂ ತಲೆ ಆಡಿಸಿದೆ!

ಗ್ಯಾಸ್ 2,800. ಕೂಲಿಂಗ್ ಕಾಯಿಲ್‌ಗೆ ಫೋಮ್ ವಾಶ್ 1,600. ಫಿಲ್ಟರ್ ಕ್ಲೀನಿಂಗ್ 350. ಒಟ್ಟು 4,750. ಕೊನೆಯ ಆ 350 ನೆನಪಿಟ್ಟುಕೊಳ್ಳಿ.

ಮುಗಿದ ಮೇಲೆ ಗಾಳಿ ಬರುವ ಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸಿ, "ನೋಡಿ ಸರ್, 8 ಡಿಗ್ರಿ" ಅಂತ ತೋರಿಸಿದ. ನಾನೂ ಖುಷಿಯಾದೆ. ಕೆಲಸಕ್ಕೆ ಮುಂಚೆ ಎಷ್ಟಿತ್ತು ಅಂತ ಅವನೂ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಬರುವಾಗ ಗಾಳಿ ಅಷ್ಟೇ. ಅದೇ ಬುರ್ ಸದ್ದು, ಅದೇ ಊದು.

ಸೋಮವಾರ ಫೋನ್ ಮಾಡಿದೆ. "ಎರಡು ದಿನ ಓಡಿಸಿ ಸರ್, ಸೆಟ್ ಆಗುತ್ತೆ." ಗುರುವಾರ ಮಾಡಿದೆ. "ಹಾಗಾದರೆ ಕಂಪ್ರೆಸರ್ ವೀಕ್ ಸರ್. ಕಂಪನಿದು 48 ಸಾವಿರ, ನಾವಾದರೆ 32ಕ್ಕೆ ಹಾಕಿಕೊಡ್ತೀವಿ." ಕಂಪ್ರೆಸರ್ ಅಂದರೆ ಗ್ಯಾಸನ್ನು ಒತ್ತಿ ಪೈಪಿನಲ್ಲಿ ಸುತ್ತಿಸುವ ಪಂಪು. ಸತ್ಯ ಹೇಳುತ್ತೇನೆ, ಆ ರಾತ್ರಿ 32 ಸಾವಿರ ಎಲ್ಲಿಂದ ತರೋದು ಅಂತ ಲೆಕ್ಕ ಹಾಕುತ್ತಾ ಮಲಗಿದ್ದೆ.

ಉಳಿಸಿದವನು ಪಕ್ಕದ ಮನೆ ಹುಡುಗ, ಡಿಪ್ಲೊಮಾ ಓದುತ್ತಿದ್ದಾನೆ. "ಅಂಕಲ್, ಗಾಳಿ ಬರ್ತಿಲ್ವೋ, ತಂಪಾಗ್ತಿಲ್ವೋ?" ಅಂತ ಕೇಳಿದ. ನಾನು ಸುಮ್ನೆ ನೋಡಿದೆ. ಇಷ್ಟು ದಿನ ಒಬ್ಬರೂ ಆ ಪ್ರಶ್ನೆ ಕೇಳಿರಲಿಲ್ಲ. ಗ್ಯಾಸ್ ಕಮ್ಮಿಯಾದರೆ ಗಾಳಿ ಜೋರಾಗೇ ಬರುತ್ತದೆ, ತಣ್ಣಗಿರುವುದಿಲ್ಲ. ಕಾಯಿಲ್ ಮೇಲೆ ಐಸ್ ಕಟ್ಟಿ ಗಾಳಿ ತಗ್ಗುವುದೂ ಉಂಟು. ಆದರೆ ಆಗ ಮೊದಲು ಚೆನ್ನಾಗಿ ಬಂದು ಆಮೇಲೆ ಕಮ್ಮಿಯಾಗುತ್ತದೆ. ನನ್ನದು ಸ್ವಿಚ್ ಹಾಕಿದಾಗಿನಿಂದಲೇ ಹಾಗಿತ್ತು.

ಎಡಗಡೆ ಸೀಟಿನ ಮುಂದಿನ ಡಬ್ಬಿ ಬಿಚ್ಚಿ, ಅದರ ಹಿಂದಿನ ಕ್ಯಾಬಿನ್ ಫಿಲ್ಟರ್, ಅಂದರೆ ಒಳಗೆ ಬರುವ ಗಾಳಿಯ ಧೂಳು ಹಿಡಿಯುವ ಜಾಲರಿ, ಎಳೆದ. ಐದು ನಿಮಿಷ ಹಿಡಿಯಲಿಲ್ಲ. ಬಿಳಿ ಇರಬೇಕಾದ್ದು ಕರಿ ಕಂಬಳಿ ಆಗಿತ್ತು. ಮಡಿಕೆ ಮಡಿಕೆಯಲ್ಲೂ ಒಣಗಿ ಕಂದಾದ ಹೊಂಗೆ ಹೂವು, ಮೂಲೆಯಲ್ಲಿ ಇಲಿ ಹಿಕ್ಕೆ. ನಾನು ಕಾರು ನಿಲ್ಲಿಸುವುದು ಹೊಂಗೆ ಮರದ ಕೆಳಗೆ. ಇದನ್ನು "ಕ್ಲೀನ್" ಮಾಡಿದ್ದಕ್ಕೆ 350 ರೂಪಾಯಿ ಕೊಟ್ಟಿದ್ದೆ! ಮೈಯೆಲ್ಲಾ ಉರಿಯಿತು. ಹುಡುಗ ನಗುತ್ತಿದ್ದ, ಅದಕ್ಕೆ ಇನ್ನೂ ಉರಿಯಿತು.

ಹೊಸ ಫಿಲ್ಟರ್ 480 ರೂಪಾಯಿ. ಹಾಕಿದ ತಕ್ಷಣ ಮುಂದೆ ಇಟ್ಟಿದ್ದ ಟೋಲ್ ಚೀಟಿ ಹಾರಿ ಹೋಯಿತು.

ಫೋಟೋ ತೆಗೆದು ಅಂಗಡಿಯವನಿಗೆ ಕಳಿಸಿದೆ. ಎರಡು ನೀಲಿ ಗೆರೆ, ಉತ್ತರ ಇಲ್ಲ. ಮತ್ತೆ ಕಳಿಸಿದೆ. ಸಂಜೆ ಬಂತು ಉತ್ತರ: "ನಾವು ಕ್ಲೀನ್ ಮಾಡಿದ ಮೇಲೆ ಬಿದ್ದಿರಬೇಕು ಸರ್." ಜೂನ್‌ನಲ್ಲಿ ಎಲ್ಲಿಂದ ಬೀಳಬೇಕು ರೀ? ನಮ್ಮ ಬೀದಿಯ ಹೊಂಗೆ ಏಪ್ರಿಲ್‌ನಲ್ಲೇ ಉದುರಿ ಮುಗಿದಿದೆ. ಹಾಗಂತ ಬರೆದೆ. "ಬೇಸರ ಬೇಡ ಸರ್, ಮುಂದಿನ ಸಲ ಫಿಲ್ಟರ್ ಫ್ರೀ. ಒಂದು ಫೈವ್ ಸ್ಟಾರ್ ಹಾಕಿ." ಫೈವ್ ಸ್ಟಾರ್ ಅಂತೆ!

ದುಡ್ಡು ಹೋಗಲಿ. ನನಗೆ ಈಗ ಇರುವ ಭಯ ಬೇರೆ. ಪೆಟ್ರೋಲ್ ಕಾರಿನಲ್ಲಿ ಕಂಪ್ರೆಸರ್ ಓಡುವುದು ಇಂಜಿನ್ ಬೆಲ್ಟಿನಿಂದ. ಎಲೆಕ್ಟ್ರಿಕ್ ಕಾರಿನಲ್ಲಿ ಕಂಪ್ರೆಸರ್ ಒಳಗೇ ಮೋಟಾರು, ಅದಕ್ಕೆ ದೊಡ್ಡ ಬ್ಯಾಟರಿಯಿಂದ ಕಿತ್ತಳೆ ಬಣ್ಣದ ವೈರಿನಲ್ಲಿ ಹೈ ವೋಲ್ಟೇಜ್ ಬರುತ್ತದೆ. ಗ್ಯಾಸ್ ಜೊತೆಗಿನ ಆಯಿಲ್ ಆ ಮೋಟಾರನ್ನೇ ಸುತ್ತಿ ಹೋಗುವುದರಿಂದ, ಸಾಮಾನ್ಯವಾಗಿ ಕರೆಂಟು ಹಾಯಿಸದ ಪಿಓಇ ಅನ್ನುವ ಆಯಿಲ್ ಬೇಕು. ಪೆಟ್ರೋಲ್ ಕಾರಿಗೆ ಹಾಕುವ ಪಿಎಜಿ ಆಯಿಲ್ ಸೇರಿದರೆ ಕರೆಂಟು ಸೋರಿ ಕಂಪ್ರೆಸರ್ ಹಾಳಾಗಬಹುದು. ಬೇರೆ ಕಾರುಗಳಿಗೆ ಗ್ಯಾಸ್ ತುಂಬಲು ಬಳಸಿದ ಮೆಷಿನ್ನಿನ ಪೈಪಿನಲ್ಲಿ ಉಳಿದ ಆಯಿಲೂ ಬೆರೆಯಬಹುದು. ಯಾವ ಆಯಿಲ್ ಹಾಕಿದ್ರಿ ಅಂತ ಅಂಗಡಿಯವನನ್ನು ಕೇಳಿದೆ. "ಎಲ್ಲಾ ಒಂದೇ ಸರ್." ಎಲ್ಲಾ ಒಂದೇ ಅಂತೆ! ಚೆನ್ನಾಗಿದ್ದ ಎಸಿಗೆ ಏನು ತುಂಬಿದ್ದಾನೋ ದೇವರಿಗೇ ಗೊತ್ತು. ದಿನಾ ಕಾರು ಹತ್ತಿದಾಗ ಮೊದಲು ನೋಡುವುದು ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಬಂತಾ ಅಂತ.

ನಿಮಗೂ ಗಾಳಿ ಕಮ್ಮಿಯಾದರೆ ಮೊದಲು ಫಿಲ್ಟರ್ ನೀವೇ ಎಳೆದು ನೋಡಿ. ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಇರುತ್ತದೆ, ಅದನ್ನು ಓದದವನ ಕೈಗೆ ಕಾರು ಕೊಡಬೇಡಿ. "ಇವಿಯಲ್ಲಿ ಹಾಗೇ ಸರ್" ಅಂದರೆ ಅಲ್ಲಿಂದಲೇ ಗಾಡಿ ತಿರುಗಿಸಿ.

ಹಳೇ ಫಿಲ್ಟರ್ ಬಿಸಾಡಿಲ್ಲ. ಹೂವು, ಹಿಕ್ಕೆ ಸಮೇತ ಕವರಿನಲ್ಲಿ ಕಟ್ಟಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಶನಿವಾರ ಆ ಅಂಗಡಿಯಲ್ಲಿ ಜನ ಜಾಸ್ತಿ. ಅವತ್ತೇ ಹೋಗಿ ಕೌಂಟರ್ ಮೇಲೆ ಸುರಿಯುತ್ತೇನೆ.