ಆರೋಗ್ಯ ಸಂಜೀವನಿ ಪಾಲಿಸಿ: ಆಂಬ್ಯುಲೆನ್ಸ್ ಬಾಡಿಗೆ ಎಷ್ಟು ವಾಪಸ್ ಬರುತ್ತದೆ?

ಹಾವೇರಿ, ಗದಗ ಕಡೆಯವರು ಆರೋಗ್ಯ ಸಂಜೀವನಿ ಎಂಬ ಆರೋಗ್ಯ ವಿಮೆ ಪಾಲಿಸಿ ಮಾಡಿಸುವ ಮುಂಚೆ ಆಂಬ್ಯುಲೆನ್ಸಿನ ಷರತ್ತು ಓದಲೇಬೇಕು. ಕಾಯಿಲೆ ಜೋರಾದರೆ ನಮ್ಮ ಭಾಗದಲ್ಲಿ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ, ಇಲ್ಲವೇ ಧಾರವಾಡದ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ. ಗಾಡಿ ಓಡುವುದು ಐವತ್ತು ಕಿಲೋಮೀಟರ್ ದಾಟುತ್ತದೆ.

2020ರ ಏಪ್ರಿಲ್‌ನಲ್ಲಿ ವಿಮಾ ಕಂಪನಿಗಳ ಮೇಲ್ವಿಚಾರಣೆ ನೋಡುವ ಐಆರ್‌ಡಿಎಐ ತಂದ ಈ ಪಾಲಿಸಿಯನ್ನು ಯಾವ ಕಂಪನಿಯಲ್ಲಿ ಮಾಡಿಸಿದರೂ ಮೂಲ ಷರತ್ತು ಒಂದೇ: ಒಂದು ಸಲ ಅಡ್ಮಿಟ್ ಆದರೆ ರಸ್ತೆ ಆಂಬ್ಯುಲೆನ್ಸಿಗೆ ಹೆಚ್ಚೆಂದರೆ 2,000 ರೂಪಾಯಿ. ಅದರಲ್ಲೂ 5% ಕೋ-ಪೇ (ನಾವೇ ಭರಿಸಬೇಕಾದ ಪಾಲು) ಕಳೆದು ಸಿಗುವುದು 1,900. ಊರೊಳಗಿನ ಓಡಾಟಕ್ಕೆ ಇಷ್ಟು ಸಾಕಾದೀತು. ವೆಂಟಿಲೇಟರ್ ಗಾಡಿಯಲ್ಲಿ ಹಾವೇರಿಯಿಂದ ಹುಬ್ಬಳ್ಳಿಗೆ ಬರಲು ಏನೇನೂ ಸಾಲದು. ಪ್ರೀಮಿಯಂ ಸ್ವಲ್ಪ ಹೆಚ್ಚಾದರೂ ಆಂಬ್ಯುಲೆನ್ಸ್ ಮಿತಿ ದೊಡ್ಡದಿರುವ ಪಾಲಿಸಿಯೇ ಇಲ್ಲಿನವರಿಗೆ ಮೇಲು.

ಅಡ್ಮಿಷನ್ ಇಲ್ಲದಿದ್ದರೆ ಈ ದುಡ್ಡೂ ಇಲ್ಲ. ಗಾಡಿ ಅಧಿಕೃತ ಆಂಬ್ಯುಲೆನ್ಸೇ ಆಗಿರಬೇಕು, ರೋಗಿಯನ್ನು ಸಾಗಿಸುವ ಸಲಕರಣೆ ಅದರಲ್ಲಿರಬೇಕು. ಟಂಟಂ, ಬಾಡಿಗೆ ಕಾರಿನ ಖರ್ಚು ನಡೆಯುವುದಿಲ್ಲ. 108 ಉಚಿತ, ಹಾಗಾಗಿ ಕ್ಲೇಮಿನ ಮಾತೇ ಬರುವುದಿಲ್ಲ.

ಹೆಚ್ಚಾಗಿ ಎಡವುವುದು ಬಿಲ್ಲಿನಲ್ಲಿ. ಡ್ರೈವರ್ ಚೀಟಿಯ ಮೇಲೆ ಮೊತ್ತ ಗೀಚಿ ಕೊಟ್ಟರೆ ಕಂಪನಿ ಪ್ರಶ್ನೆ ಎತ್ತುತ್ತದೆ. ರೋಗಿಯ ಹೆಸರು, ಗಾಡಿ ನಂಬರ್, ತಾರೀಖು, ವೇಳೆ, ಎಲ್ಲಿಂದ ಎಲ್ಲಿಗೆ, ಕಿಲೋಮೀಟರ್, ಮೊತ್ತ, ಸೀಲು, ಸಹಿ: ಇಷ್ಟನ್ನೂ ಗಾಡಿ ಇಳಿಯುವಾಗಲೇ ಬರೆಸಿಕೊಳ್ಳಿ. ಆಮೇಲೆ ಆ ಡ್ರೈವರನ್ನು ಹುಡುಕುವುದು ಕಷ್ಟ. ಬಿಲ್ಲಿನ ತಾರೀಖು, ಡಿಸ್ಚಾರ್ಜ್ ಸಮರಿಯ ಅಡ್ಮಿಷನ್ ತಾರೀಖು ತಾಳೆಯಾಗಬೇಕು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಒಯ್ದಿದ್ದರೆ ಮೊದಲ ಆಸ್ಪತ್ರೆಯ ರೆಫರಲ್ ಚೀಟಿಯ ಪ್ರತಿಯನ್ನೂ ಲಗತ್ತಿಸಿ. ಫೋನ್‌ಪೇಯಲ್ಲಿ ಕೊಟ್ಟಿದ್ದರೆ ಅದರ ದಾಖಲೆಯೂ ಇರಲಿ.

ಕ್ಯಾಶ್‌ಲೆಸ್ ಆದವರು, ಅಂದರೆ ಆಸ್ಪತ್ರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟಿದವರು, ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಹೊರಗಿನ ಗಾಡಿಯ ಬಿಲ್ಲು ಆಸ್ಪತ್ರೆಯ ಬಿಲ್ಲಿನಲ್ಲಿ ಸೇರಿರುವುದಿಲ್ಲ. ಅದಕ್ಕೆ ಬೇರೆ ರಿಇಂಬರ್ಸ್‌ಮೆಂಟ್ (ಕೊಟ್ಟ ದುಡ್ಡು ವಾಪಸ್ ಕೇಳುವ) ಕ್ಲೇಮ್ ಹಾಕಬೇಕು. ಕ್ಲೇಮ್ ಫಾರ್ಮಿನ ಎ ಭಾಗದಲ್ಲಿ ಆಂಬ್ಯುಲೆನ್ಸಿಗೆ ಪ್ರತ್ಯೇಕ ಸಾಲು ಇದೆ, ಮೊತ್ತ ಅಲ್ಲೇ ಬರೆಯಿರಿ. ಅಸಲು ಬಿಲ್ಲು, ಡಿಸ್ಚಾರ್ಜ್ ಸಮರಿ, ಕ್ಯಾನ್ಸಲ್ ಮಾಡಿದ ಚೆಕ್ ಜೊತೆಗಿಟ್ಟು ಡಿಸ್ಚಾರ್ಜ್ ಆದ 30 ದಿನದೊಳಗೆ ಕೊಡಿ. ಕೊಡುವ ಮುಂಚೆ ಎಲ್ಲದರ ಜೆರಾಕ್ಸ್ ತೆಗೆಸಿಡಿ. ತುರ್ತಾಗಿ ಅಡ್ಮಿಟ್ ಆದಾಗ 24 ತಾಸಿನೊಳಗೆ, ಅದಕ್ಕೂ ಮುಂಚೆ ಡಿಸ್ಚಾರ್ಜ್ ಆಗುವುದಿದ್ದರೆ ಅಷ್ಟರೊಳಗೆ, ಕಂಪನಿಗೆ ತಿಳಿಸಿರಬೇಕು.

ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ತಕರಾರು ಬಗೆಹರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ.