ಹಾಸನದಲ್ಲಿ ಸ್ಟೀಲ್ ತಟ್ಟೆ, ಲೋಟ ಬಾಡಿಗೆಗೆ ತಂದೆವು

ಹೋದ ತಿಂಗಳು ನಮ್ಮ ಮನೆಯಲ್ಲಿ ಮಗಳ ಸೀಮಂತ. ಮನೆ ಮುಂದೆಯೇ ಶಾಮಿಯಾನ ಹಾಕಿಸಿದ್ದೆವು, ನೂರೈವತ್ತು ಜನ. ಅಡುಗೆಯವರು ಮೊದಲೇ ಹೇಳಿದ್ದರು, ಯೂಸ್ ಅಂಡ್ ಥ್ರೋ ಲೋಟ, ತಟ್ಟೆ ನಾವೇ ತರ್ತೀವಿ ಅಂತ. ನಾನು ಬೇಡ ಅಂದೆ. ಹೋದ ವರ್ಷ ಪಕ್ಕದ ರಸ್ತೆಯಲ್ಲಿ ಒಂದು ಮದುವೆ ಮುಗಿದ ಮೇಲೆ ಖಾಲಿ ಸೈಟಿನಲ್ಲಿ ಒಂದು ಹಸು ಅನ್ನದ ಜೊತೆ ಪ್ಲಾಸ್ಟಿಕ್ಕನ್ನೂ ಜಗಿಯುತ್ತಾ ನಿಂತಿತ್ತು. ಅದನ್ನು ನೋಡಿದ ಮೇಲೆ ನಮ್ಮ ಮನೆ ಕಾರ್ಯದಿಂದ ಹಾಗಾಗಬಾರದು ಅಂತ ಅವತ್ತೇ ಅಂದುಕೊಂಡಿದ್ದೆ.

ಮಧ್ಯಾಹ್ನದ ಊಟಕ್ಕೆ ಬಾಳೆ ಎಲೆ ಹೇಗೂ ಇತ್ತು. ಬೆಳಗಿನ ತಿಂಡಿಗೆ 150 ತಟ್ಟೆ, ನೀರಿಗೆ, ಕಾಫಿಗೆ ಅಂತ 350 ಲೋಟ, ಸಾಲಗಾಮೆ ರಸ್ತೆ ಕಡೆಯ ಒಂದು ಪಾತ್ರೆ ಅಂಗಡಿಯಿಂದ ತಂದೆವು. ತಟ್ಟೆಗೆ ನಾಲ್ಕು ರೂಪಾಯಿ, ಲೋಟಕ್ಕೆ ಒಂದು.

ಅಂಗಡಿಯ ಹೆಂಗಸು ಎಣಿಸಿದ ರೀತಿ ನನಗೆ ತುಂಬಾ ಹಿಡಿಸಿತು. ಐದೈದು ಲೋಟ ಜೋಡಿಸುತ್ತಾ, ಒಂದೊಂದರ ಅಂಚಿನ ಮೇಲೂ ಹೆಬ್ಬೆರಳು ಸವರುತ್ತಿದ್ದರು. ಅಂಚು ಎದ್ದಿದ್ದ ನಾಲ್ಕು ಲೋಟ ತೆಗೆದು ಪಕ್ಕಕ್ಕಿಟ್ಟರು. "ಮಕ್ಕಳ ತುಟಿ ಕೊಯ್ಯುತ್ತೆ" ಅಂದರು. ಆಮೇಲೆ ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಎಣಿಕೆ ಬರೆದ ಚೀಟಿ ಕೊಟ್ಟರು.

ಬೇಸರ ಆಗಿದ್ದು ಎರಡು ವಿಷಯಕ್ಕೆ. ಬೆಳಿಗ್ಗೆ ಆರಕ್ಕೆ ಬರಬೇಕಿದ್ದ ಗಾಡಿ ಏಳೂಕಾಲಿಗೆ ಬಂತು. ಇಡ್ಲಿ ರೆಡಿ ಇದೆ, ತಟ್ಟೆ ಇಲ್ಲ! ಲೋಟಗಳಲ್ಲಿ ಸೋಪಿನ ಪುಡಿ ವಾಸನೆ ಇತ್ತು, ಎಲ್ಲವನ್ನೂ ಮತ್ತೆ ಬಿಸಿನೀರಲ್ಲಿ ಅದ್ದಿ ತೆಗೆಯಬೇಕಾಯಿತು. ತೊಳೆಯಲು ಇಬ್ಬರನ್ನು ಕರೆಸಿದ್ದು ಬೇರೆ ಖರ್ಚು. ಹಾಗಾಗಿ ದುಡ್ಡು ಉಳಿಯುತ್ತೆ ಅಂತ ನಾನು ಹೇಳಲ್ಲ.

ಆದರೂ ಇದನ್ನೇ ಮಾಡಿ ಅಂತೀನಿ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಇಡೀ ದೇಶದಲ್ಲೇ ನಿಷೇಧ. ಆಹ್ವಾನ ಪತ್ರಿಕೆಗೆ ಸುತ್ತುವ ತೆಳು ಹಾಳೆ ಕೂಡ ಆ ಪಟ್ಟಿಯಲ್ಲಿದೆ. ಲೈಸೆನ್ಸ್ ಇಲ್ಲದ ಜಾಗದಲ್ಲಿ ನೂರಕ್ಕಿಂತ ಜಾಸ್ತಿ ಜನರನ್ನು ಸೇರಿಸುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಅಲ್ಲೇ ಬೇರೆ ಮಾಡಿ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು. ನಮ್ಮ ಬೀದಿಯಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ನನಗೂ ಗೊತ್ತಾಗಿದ್ದು ಈ ಸಲವೇ. ಅರ್ಜಿ ಬರೆದು ಕೊಟ್ಟು ಬಂದೆ, ಹತ್ತು ನಿಮಿಷದ ಕೆಲಸ ಅಷ್ಟೇ.

ಮಾರನೇ ದಿನ ಕಸದ ಗಾಡಿಗೆ ಕೊಟ್ಟಿದ್ದು ಎರಡು ಡ್ರಮ್ ಬಾಳೆ ಎಲೆ, ಮತ್ತೆ ಒಂದು ಸಣ್ಣ ಚೀಲದಲ್ಲಿ ತೊಳೆದ ಹಾಲಿನ ಕವರು, ಎಣ್ಣೆ ಕವರು. ಗಾಡಿಯವರು ಚೀಲ ಬಿಚ್ಚಿ ನೋಡಿ, ಕೈ ಹಾಕಿ ಆರಿಸೋದೇ ಬೇಡ ಅಂತ ಹಾಗೇ ಒಳಗಿಟ್ಟುಕೊಂಡರು.

ಮದುವೆ ಸೀಸನ್ನಿನಲ್ಲಿ ಹದಿನೈದು ದಿನ ಮೊದಲೇ ಬುಕ್ ಮಾಡಿ. ಪಾತ್ರೆಗಳನ್ನು ಹಿಂದಿನ ರಾತ್ರಿಯೇ ತರಿಸಿಕೊಳ್ಳಿ. ವಾಪಸ್ ಕೊಡುವಾಗ ನೀವೂ ಎಣಿಸಿ, ನಮಗೆ ಮೂರು ಲೋಟ ಕಮ್ಮಿ ಬಂದು ತೊಂಬತ್ತು ರೂಪಾಯಿ ಕಟ್ಟಬೇಕಾಯಿತು.