ಗೊರಟೋ, ಕಸಿಯೋ? ಒಂದು ಜೀರಿಗೆ ಮಿಡಿ ಮರದಿಂದ ಹೊರಟ ಎರಡು ದಾರಿ

ನಮ್ಮ ಮನೆ ಸಾಗರದ ಕಡೆ. ತೋಟದ ಕೆಳಗೆ ಹಳ್ಳದ ದಂಡೆಯಲ್ಲಿ ಹಳೆಯದೊಂದು ಅಪ್ಪೆಮಿಡಿ ಮರ ಇತ್ತು, ಅಂದರೆ ಎಳೆಗಾಯಿಯನ್ನೇ ಉಪ್ಪಿನಕಾಯಿಗೆ ಹಾಕುವ ಮಾವು. ಮಿಡಿಯ ತೊಟ್ಟು ಮುರಿದರೆ ಜೀರಿಗೆ ವಾಸನೆ ಗಮ್ಮನೆ ಬರುತ್ತಿತ್ತು. ಮರಕ್ಕೆ ವಯಸ್ಸಾಯಿತು ಅನ್ನಿಸಿದಾಗ ನಾನು ಎರಡೂ ದಾರಿ ಹಿಡಿದೆ. 2008ರ ಮಳೆಗಾಲದಲ್ಲಿ ಅದರ ಹಣ್ಣಿನ 12 ಗೊರಟು ನೆಟ್ಟೆ. ಅದೇ ಮರದ ಕಡ್ಡಿ ತಂದು ಕಾಡು ಮಾವಿನ ಸಸಿಗಳಿಗೆ ಕಸಿಯನ್ನೂ ಕಟ್ಟಿಸಿದೆ. ಕಸಿಯಲ್ಲಿ 4 ಬದುಕಿದವು, ಗೊರಟಿನಲ್ಲಿ 7. ಶಾಲೆಯಲ್ಲಿ ಲೈಂಗಿಕ, ಅಲೈಂಗಿಕ ಸಂತಾನೋತ್ಪತ್ತಿ ಅಂತ ಬಾಯಿಪಾಠ ಮಾಡಿದ್ದು ನನಗೆ ನಿಜವಾಗಿ ಅರ್ಥವಾಗಿದ್ದು ಈ 11 ಗಿಡಗಳಿಂದ.

ಬೇಗ ಫಲ ಬೇಕು ಅಂದರೆ ಕಸಿಯೇ ಸರಿ. ನಾಲ್ಕನೇ ವರ್ಷಕ್ಕೆ ಹೂ ಬಂತು. ಗೊರಟಿನ ಗಿಡಗಳು ಒಂಬತ್ತು ವರ್ಷ ಕಾಯಿಸಿದವು.

ರುಚಿಯಲ್ಲೂ ಕಸಿ ಮೋಸ ಮಾಡಲಿಲ್ಲ. ಅದೇ ವಾಸನೆ, ಅದೇ ಸೊನೆ, ಅದೇ ಉದ್ದ ಮಿಡಿ. ಕಸಿ ಗಿಡವನ್ನು ಹಳೆಯ ಮರದ ಮಗು ಅನ್ನುವುದಕ್ಕಿಂತ ಅದರದೇ ಇನ್ನೊಂದು ಕೊಂಬೆ ಅನ್ನಬೇಕು. ಬೇರು ಮಾತ್ರ ಬೇರೆಯದು. 2019ರ ಆಗಸ್ಟ್ ಮಳೆಗೆ ಹಳ್ಳ ಉಕ್ಕಿ ಹಳೆಯ ಮರ ಬುಡಸಮೇತ ಹೋಯಿತು. ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆದರೂ ಅದರ ರುಚಿ ಇವತ್ತಿಗೂ ನಮ್ಮ ಭರಣಿಯಲ್ಲಿದೆ. ಅದು ಕಸಿಯ ಋಣ.

ಗೊರಟಿನ ಗಿಡಗಳ ಕಥೆಯೇ ಬೇರೆ. ಮಾವಿನ ಒಂದು ಜೀವಕೋಶದಲ್ಲಿ ಗುಣಗಳನ್ನು ಹೊತ್ತ ವರ್ಣತಂತುಗಳು ಒಟ್ಟು 40. ಮಗುವಿಗೆ ತಾಯಿಯಿಂದ 20, ತಂದೆಯಿಂದ 20. ತಂದೆ ಯಾವ ಮರ ಅನ್ನುವುದು ಹೂವಿನ ಮೇಲೆ ಕೂತೆದ್ದ ನೊಣಕ್ಕೇ ಗೊತ್ತು. ಹಾಗಾಗಿ ಏಳೂ ಏಳು ತರಹ ಆದವು. ಎರಡರಲ್ಲಿ ವಾಸನೆಯೇ ಇಲ್ಲ. ಒಂದು ಬಾಯಿಗಿಡಲಾಗದಷ್ಟು ಹುಳಿ. ಇನ್ನೊಂದರ ಮಿಡಿ ಉಪ್ಪಿನಲ್ಲಿ ಬೇಗ ಮೆತ್ತಗಾಗುತ್ತದೆ. ಎರಡು ಪರವಾಗಿಲ್ಲ. ಕೊನೆಯದೊಂದು ಮಾತ್ರ ಜೀರಿಗೆಯ ಜೊತೆ ಕರ್ಪೂರದ ಹಾಗೆ ಘಮ್ಮೆನ್ನುತ್ತದೆ. ಅಂಥ ಮಿಡಿ ನಮ್ಮ ಊರಲ್ಲಿ ಎಲ್ಲೂ ಇರಲಿಲ್ಲ. ಏಳರಲ್ಲಿ ಒಂದು ಅಂದರೆ ಕಡಿಮೆ, ಅಲ್ವಾ? ನನಗೆ ಅದು ಸಾಕು.

ಆಮೇಲೆ ಒಂದು ವರ್ಷ ಹೂವಿನ ಹೊತ್ತಿಗೇ ಮೋಡ ಕವಿಯಿತು. ನಾಲ್ಕೂ ಕಸಿ ಗಿಡ ಒಂದೇ ವಾರದಲ್ಲಿ ಹೂ ಬಿಟ್ಟಿದ್ದವು. ಜಿಗಿಹುಳು, ಬೂದಿ ರೋಗ ಎರಡೂ ಒಟ್ಟಿಗೆ ಬಿದ್ದು ಎಲ್ಲ ಹೂ ಕಪ್ಪಾಗಿ ಉದುರಿತು. ಗೊರಟಿನ ಗಿಡಗಳಲ್ಲಿ ಮೂರು ತಡವಾಗಿ ಹೂ ಬಿಟ್ಟಿದ್ದರಿಂದ ಉಳಿದುಕೊಂಡವು. ಆ ವರ್ಷ ಮನೆಗೆ ಮಿಡಿ ಕೊಟ್ಟಿದ್ದು ಅವೇ. ನಂಜನಗೂಡು ರಸಬಾಳೆ ಪನಾಮಾ ಸೊರಗು ರೋಗಕ್ಕೆ ಸೋತದ್ದೂ ಹೀಗೆಯೇ. ಬಾಳೆ ಕಂದಿನಿಂದ ಬರುವ ಗಿಡ. ಒಂದು ಗಿಡ ತಡೆಯಲಾಗದ ರೋಗವನ್ನು ಪಕ್ಕದ ಗಿಡವೂ ತಡೆಯಲಾರದು.

ನಡುವೆ ಒಂದು ವಿಷಯ ನನ್ನ ಲೆಕ್ಕವನ್ನೇ ತಪ್ಪಿಸಿತು. ಕರಾವಳಿಯ ನೆಂಟರ ಮನೆಯಿಂದ ತಂದ ಒಂದು ಗೊರಟಿನಿಂದ ಮೂರು ಮೊಳಕೆ ಎದ್ದವು. ಬಪ್ಪಕಾಯಿ, ಒಳೂರಿನಂಥ ಪಶ್ಚಿಮ ಕರಾವಳಿಯ ತಳಿಗಳಲ್ಲಿ ಇದು ಮಾಮೂಲು. ಆ ಮೊಳಕೆಗಳಲ್ಲಿ ಹೆಚ್ಚಿನವು ತಾಯಿಯ ಅಂಗಾಂಶದಿಂದಲೇ ಹುಟ್ಟುತ್ತವೆ, ಅವುಗಳಲ್ಲಿ ತಂದೆಯ ಪಾಲು ಇಲ್ಲ. ಬೀಜದಿಂದ ಬಂದರೂ ಅವು ತಾಯಿಯ ನಕಲು! ಹಾಗಾಗಿ ಗೊರಟು ಅಂದ ತಕ್ಷಣ ಹೊಸ ರುಚಿ ಅಂತ ತಿಳಿಯಬೇಡಿ.

ಮನೆಗೆ ಎರಡು ಗಿಡ ಸಾಕು, ಉಪ್ಪಿನಕಾಯಿಗೆ ಗ್ಯಾರಂಟಿ ಮಿಡಿ ಬೇಕು ಅನ್ನುವವರಿಗೆ ನಾನು ಕಸಿ ಗಿಡವನ್ನೇ ಹೇಳುತ್ತೇನೆ. ಆದರೆ ನನ್ನ ಚಿಂತೆ ಬೇರೆ. ಅಪ್ಪೆಮಿಡಿಯನ್ನು ನಾವು ಎಳೆಯದಾಗಿಯೇ ಕೊಯ್ಯುತ್ತೇವೆ. ಗೊರಟು ಗಟ್ಟಿಯಾಗುವ ಮೊದಲೇ ಅದು ಭರಣಿ ಸೇರುತ್ತದೆ. ಮರದಲ್ಲಿ ಹಣ್ಣೇ ಆಗದಿದ್ದರೆ ಹೊಳೆ ದಂಡೆಯಲ್ಲಿ ಹೊಸ ಗಿಡ ಎಲ್ಲಿಂದ ಹುಟ್ಟಬೇಕು? ಇವತ್ತು ನಾವು ಕಸಿ ಕಟ್ಟುವ ಒಳ್ಳೆಯ ಮರಗಳೆಲ್ಲ ಎಂದೋ ಸುಮ್ನೆ ಬಿದ್ದ ಗೊರಟಿನಿಂದ ಎದ್ದವೇ.

ಅದಕ್ಕೇ ಈಗ ಪ್ರತಿ ಮರದಲ್ಲೂ ಒಂದು ಕೊಂಬೆ ಕೊಯ್ಯದೆ ಬಿಡುತ್ತೇನೆ. ಕೊಯ್ಲಿಗೆ ಬರುವವರಿಗೆ ಗುರುತಾಗಲಿ ಅಂತ ಬಟ್ಟೆ ಚೂರು ಕಟ್ಟುತ್ತೇನೆ. ಕಳೆದ ಸಲ 19 ಗೊರಟು ಸಿಕ್ಕವು. ಮಾವಿನ ಗೊರಟು ಒಣಗಿದರೆ ಹುಟ್ಟುವುದಿಲ್ಲ, ಹಾಗಾಗಿ ಎರಡೇ ದಿನದಲ್ಲಿ ನೆಟ್ಟೆ. 11 ಎದ್ದಿವೆ. ಎಲೆ ಹೊಸಕಿ ಮೂಸಿದರೆ ಮೂರರಲ್ಲಿ ಈಗಲೇ ಜೀರಿಗೆ ವಾಸನೆ ಇದೆ.